ಗುಂಡಿ ಹಚ್ಚುವ ಹೊತ್ತಿನ ಕಥೆ

ನನ್ನ ಅಕ್ಕ ದರ್ಜಿ. ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಗಂಡ ಅವಳಿಗೆ ಬಿಟ್ಟುಹೋದ ಆಸ್ತಿಯೆಂದರೆ ಮೋಟಾರಿನ ಹೊಲಿಗೆಯಂತ್ರ, ಒಂದು ಟೀವಿ, ಅಂಬೆಗಾಲಿಡುತ್ತಿದ್ದ ಮಗಳು. ಮಗು ಸರಸರನೆ ಬಂದು ತಿರುಗುವ ಚಕ್ರಕ್ಕೆ ಕೈ ಹಾಕುತ್ತಿತ್ತು. ಒಮ್ಮೆ ಬೆರಳಿಗೆ ಏಟಾದ ಮೇಲೆ ಅಕ್ಕ ಅದನ್ನು ಟೀವಿಯ ಎದುರು ಕೂರಿಸಿದಳು. ಮಗು ಕದಲಲಿಲ್ಲ. ಅಂದಿನಿಂದ ಟೀವಿಯೇ ಆಯಾ. ಬೈಯುವವರು ಬೈಯಲಿ, ಆ ಮನೆಯಲ್ಲಿ ಇದ್ದದ್ದು ಎರಡೇ ಕೈ, ಎರಡೂ ಬಟ್ಟೆಯ ಮೇಲಿದ್ದವು.

ಹುಡುಗಿಗೆ ಮಾತು ಬಂದದ್ದೇ ಜಾಹೀರಾತಿನಿಂದ. ಸೋಪು, ಟೂತ್‌ಪೇಸ್ಟು, ಸಿಮೆಂಟು, ಯಾವುದನ್ನು ಕೇಳಿದರೂ ಗಡಗಡ ಒಪ್ಪಿಸುತ್ತಿದ್ದಳು. ಗಿಣಿ ಎಂದು ಹೆಸರಿಟ್ಟವಳು ನಾನೇ. ಆದರೆ ಮೂರನೆಯ ತರಗತಿಗೆ ಬಂದರೂ ಗಿಣಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಟೀಚರ್ ಅಕ್ಕನನ್ನು ಕರೆಸಿದರು. "ಮನೇಲಿ ನೀವೇ ಪಕ್ಕ ಕೂತು ಸ್ವಲ್ಪ ಓದಿಸಿ" ಎಂದರು. ತನಗೂ ಓದು ಬರುವುದಿಲ್ಲವೆಂದು ಹೇಳಲು ಅಕ್ಕನಿಗೆ ನಾಲಿಗೆ ಏಳಲಿಲ್ಲ.

"ಇವಳೂ ನನ್ನ ಥರ ಆಗಿಬಿಟ್ರೆ ಏನೇ ಮಾಡ್ಲಿ?" ಎಂದು ನನ್ನ ಮುಂದೆ ಅತ್ತಳು. ನಾನೇ ಕಲಿಸೋಣವೆಂದರೆ, ದಿನವಿಡೀ ಔಷಧಿ ಡಬ್ಬಿಗೆ ಲೇಬಲ್ ಅಂಟಿಸಿ ಬಂದವಳಿಗೆ ತಾಳ್ಮೆ ಎಲ್ಲಿಂದ ಬರಬೇಕು? ಎರಡೇ ದಿನಕ್ಕೆ ಹುಡುಗಿಯ ಕಿವಿ ಹಿಂಡಿ ಕೈ ತೊಳೆದುಕೊಂಡೆ.

ಅಕ್ಕ ಟೀವಿಯ ತಂತಿ ಕಿತ್ತಳು. ಗಿಣಿ ರಂಪ ಮಾಡಿ ನೆಲದ ಮೇಲೆ ಹೊರಳಾಡಿದಳು. ಅಕ್ಕ ಜಗ್ಗಲಿಲ್ಲ. ಶಾಲೆಯಿಂದ ಬಂದ ಕಥೆಪುಸ್ತಕವೊಂದನ್ನು ಮುಂದಿಟ್ಟು, "ಗಟ್ಟಿಯಾಗಿ ಓದು, ನಾನು ಕೇಳ್ತೀನಿ" ಎಂದಳು. ಮೋಟಾರಿನ ಸದ್ದಿನಲ್ಲಿ ಏನು ಕೇಳೀತು? ಹಾಗಾಗಿ ಯಂತ್ರದ ಕೆಲಸವನ್ನೆಲ್ಲ ಹಗಲಿಗೆ ತಳ್ಳಿ, ಗುಂಡಿ, ಗುಂಡಿ ತೂರುವ ಕಾಜಾ, ಅಂಚು, ಎಲ್ಲ ಕೈಹೊಲಿಗೆಯನ್ನೂ ಸಂಜೆಗೆ ಉಳಿಸಿಕೊಂಡಳು. ಮಧ್ಯಾಹ್ನದ ಊಟ ನಿಂತೇ ಮುಗಿಯುತ್ತಿತ್ತು.

ಕಥೆ ಒಬ್ಬ ಅಂಬಿಗಿತ್ತಿಯದು. ಹೊಳೆಯಲ್ಲಿ ಕಳೆದುಹೋದ ತಮ್ಮನನ್ನು ಹುಡುಕುತ್ತ ಹೊರಟವಳು. ಗಿಣಿ ಒಂದು ಸಾಲಿಗೆ ಹತ್ತು ಕಡೆ ಮುಗ್ಗರಿಸುತ್ತಿದ್ದಳು. ಮುಗ್ಗರಿಸದಿದ್ದರೆ ಜಾಹೀರಾತಿನ ರಾಗ. ದೋಣಿ ಮುಳುಗಿದ್ದನ್ನೂ ಸೋಪು ಮಾರುವ ಉತ್ಸಾಹದಲ್ಲಿ ಓದಿದಳು. ನಾನು ಬಿದ್ದು ಬಿದ್ದು ನಕ್ಕೆ. ಅಕ್ಕ ನಗಲಿಲ್ಲ.

"ಅಯ್ಯೋ, ಅವಳಿಗೆ ಈಜು ಬರುತ್ತಾ?" ಎಂದಳು. ಸೂಜಿ ಗಾಳಿಯಲ್ಲೇ ನಿಂತಿತ್ತು.

ಅಕ್ಕನಿಗೆ ಕಥೆಯ ಹುಚ್ಚು ಹಿಡಿಯಿತು. ನನ್ನನ್ನು ಕಂಡರೆ ಅದೇ ಮಾತು: "ತಮ್ಮನನ್ನ ಕಂಡೆ ಅಂತ ಆ ಕುಂಟ ಹೇಳಿದ್ದು ಸುಳ್ಳು ಅನ್ಸುತ್ತೆ ಕಣೇ." ಅಂಬಿಗಿತ್ತಿಗೆ ತಮ್ಮನ ಅಂಗಿ ಸಿಕ್ಕ ಸಂಜೆಯಂತೂ, ಒಂದು ರಾಶಿ ಅಂಗಿಗಳಿಗೆ ಕಾಜಾ ಇರುವ ಕಡೆಯೇ ಗುಂಡಿಯನ್ನೂ ಹಚ್ಚಿಬಿಟ್ಟಳು. ಹೊಲಿಯಲು ಕೊಟ್ಟಿದ್ದ ಅಂಗಡಿಯವನು ಅಷ್ಟನ್ನೂ ಮುಖಕ್ಕೆ ಎಸೆದ. ಬಿಚ್ಚಿ ಮತ್ತೆ ಹಚ್ಚುವಾಗಲೂ ಅವಳಿಗೆ ಕಥೆಯ ಅಂಗಿಯದೇ ಚಿಂತೆ. "ರಕ್ತ ಇತ್ತು ಅಂತ ಏನಾದ್ರೂ ಓದಿದ್ಲಾ?" ಅಷ್ಟು ಖುಷಿಯಾಗಿ ನಾನು ಅವಳನ್ನು ನೋಡಿದ್ದು ಅದೇ ಮೊದಲು, ಅದೇ ಕೊನೆ.

ಏಕೆಂದರೆ ಗಿಣಿಗೂ ಓದಿನ ರುಚಿ ಹತ್ತಿತು. ದನಿ ತಗ್ಗಿತು. ಪದಗಳನ್ನು ನುಂಗತೊಡಗಿದಳು. ಆಮೇಲೆ ತುಟಿ ಮಾತ್ರ ಆಡುತ್ತಿತ್ತು, ಕೆಲವು ದಿನಕ್ಕೆ ಅದೂ ನಿಂತಿತು. ಕಣ್ಣು ಓಡಿದಷ್ಟು ಬಾಯಿ ಓಡದು ತಾನೇ.

"ಆಮೇಲೇನಾಯ್ತೇ?" ಎಂದು ಅಕ್ಕ ಕೇಳುವಳು.

"ತಾಳಮ್ಮಾ."

"ಗಟ್ಟಿಯಾಗಿ ಓದೇ."

"ಗಟ್ಟಿಯಾಗಿ ಓದಿದ್ರೆ ಮಜಾ ಬರಲ್ಲಮ್ಮಾ. ನಿಧಾನ ಆಗುತ್ತೆ."

ಒಂದು ಸಂಜೆ ಗಿಣಿ ಕೊನೆಯ ಪುಟ ಮಗುಚಿ, ಕಣ್ಣೊರೆಸಿಕೊಂಡು, ಗೋಡೆ ನೋಡುತ್ತ ಕುಳಿತಳು. ಮರುದಿನ ಆ ಪುಸ್ತಕ ಶಾಲೆಗೆ ವಾಪಸು ಹೋಯಿತು, ಬೇರೆಯದು ಬಂತು. ಅಕ್ಕ ಅಂಜುತ್ತಂಜುತ್ತ ಕೇಳಿದಳು: "ತಮ್ಮ ಸಿಕ್ಕಿದ್ನಾ?"

ಗಿಣಿ ಹೊಸ ಪುಸ್ತಕದಿಂದ ತಲೆಯೆತ್ತಲಿಲ್ಲ. "ಅದನ್ನ ಹಾಗೆ ಹೇಳೋಕಾಗಲ್ಲಮ್ಮಾ. ಓದಿದ್ರೇನೇ ಗೊತ್ತಾಗೋದು."

"ನಾನೇ ತಂದು ಓದಿ ಹೇಳ್ತೀನಿ ಬಿಡು" ಎಂದೆ. ಅಕ್ಕ ತಲೆಯಲ್ಲಾಡಿಸಿದಳು. ಅವಳಿಗೆ ಬೇಕಿದ್ದದ್ದು ನನ್ನ ದನಿಯಲ್ಲ. ನನಗೆ ಮೈಯೆಲ್ಲ ಉರಿಯಿತು. ಪುಸ್ತಕ ಕಿತ್ತು ಹುಡುಗಿಯ ಬೆನ್ನಿಗೊಂದು ಬಿಡೋಣವೆಂದು ಎದ್ದೆ. ಅಕ್ಕ ಕೈ ಹಿಡಿದೆಳೆದು ನನ್ನನ್ನು ಕೂರಿಸಿದಳು.

"ಸುಮ್ನಿರೇ" ಎಂದು ಪಿಸುಗುಟ್ಟಿದಳು. "ಓದ್ತಾ ಇದ್ದಾಳೆ."