ಬೇಳೆ ಡಬ್ಬಿಯ ಕೆಳಗಿನ ನಾಲಾ

ಹೈದರಾಬಾದಿನ ನಮ್ಮ ಕಾಚಿಗೂಡದ ಮನೆಯಲ್ಲಿ ಕ್ಯಾಲೆಂಡರಿಗೆ ಎರಡು ಜನ್ಮ. ಮೊದಲನೆಯದರಲ್ಲಿ ಅದು ಗೋಡೆಯ ಮೊಳೆಗೆ ತೂಗಿಕೊಂಡು ಏಕಾದಶಿ, ಅಮಾವಾಸ್ಯೆಗಳನ್ನು ಸಾರುತ್ತದೆ. ಹಾಲು ಬಾರದ ದಿನದ ಚೌಕದಲ್ಲಿ ನನ್ನ ಹೆಂಡತಿ ‘ಹ’ ಎಂದು ಬರೆಯುತ್ತಾಳೆ. ವರ್ಷ ತೀರಿದ ಮೇಲೆ ಅದು ಅಡುಗೆಮನೆಯ ಕಪಾಟಿಗಿಳಿದು, ಡಬ್ಬಿಗಳ ಕೆಳಗೆ ಮೈಚಾಚಿ, ಎಣ್ಣೆ ಕುಡಿಯುತ್ತ ವೃದ್ಧಾಪ್ಯ ಕಳೆಯುತ್ತದೆ. ಇದರಲ್ಲಿ ಕೂತು ಬರೆಯುವಂಥದ್ದೇನಿದೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ, ತಜ್ಞನಾಗುವವರೆಗೆ.

ತಜ್ಞನಾದದ್ದು ನಿವೃತ್ತನಾದ ಮೇಲೆ. ಕಾಲೇಜಿನಲ್ಲಿ ಮೂರು ದಶಕ ರಸಾಯನಶಾಸ್ತ್ರ ಕಲಿಸಿದಾಗ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿದ್ದ ಕಾಲ ಅದು. ಕೂಕಟ್‌ಪಲ್ಲಿಯ ಒಂದು ಕಟ್ಟಡದಲ್ಲಿ ಕೆಳಗಿನ ಮಹಡಿ ಜಾವಾ ಕಲಿಸುತ್ತಿತ್ತು, ಮೇಲಿನ ಮಹಡಿ ವೀಸಾ ಸಂದರ್ಶನದಲ್ಲಿ ನಗುವುದನ್ನು ಕಲಿಸುತ್ತಿತ್ತು. ನಡುವಿನ ಮಹಡಿಯಲ್ಲಿ, ಪರಿಸರ ವಿಜ್ಞಾನದ ವಿದ್ಯಾರ್ಥಿಗಳನ್ನು ವಿದೇಶದ ಇಂಟರ್ನ್‌ಶಿಪ್ಪಿಗೆ ದಾಟಿಸುವ ಸಲಹೆಗಾರನಾಗಿ ನಾನು ವಿರಾಜಮಾನನಾಗಿದ್ದೆ. ನನ್ನ ವಿದೇಶಾನುಭವವೆಂದರೆ ಬೇರೆಯವರನ್ನು ಬೀಳ್ಕೊಡಲು ಬೇಗಂಪೇಟೆ ವಿಮಾನ ನಿಲ್ದಾಣದ ಬಾಗಿಲವರೆಗೆ ಹೋದದ್ದು. ಆದರೆ ದೇವರ ದಯೆ, ಕನ್ನಡಕ ದಪ್ಪಗಿತ್ತು, ಕೂದಲು ಬೆಳ್ಳಗಿತ್ತು. ಸಲಹೆ ಕೊಡಲು ಅಷ್ಟು ಸಾಕಾಗುತ್ತಿತ್ತು.

ರೇಣುಕಾ ಬಂದದ್ದು ಅಲ್ಲಿಗೆ. ಸಿಂಧನೂರು ಕಡೆಯಿಂದ ಬಂದು ಸನತ್‌ನಗರದಲ್ಲಿ ನೆಲೆಸಿದ ಕುಟುಂಬ. ತಂದೆ ಕಾರ್ಖಾನೆಯೊಂದರಲ್ಲಿ ಕೆಲಸಗಾರ, ತಾಯಿ ಶರಣಮ್ಮ ಸಂಡಿಗೆ ಹಪ್ಪಳ ಮಾಡಿ ಕೂಕಟ್‌ಪಲ್ಲಿಯ ಫ್ಲ್ಯಾಟುಗಳಿಗೆ ಮಾರುವವಳು. ಹುಡುಗಿ ಎಂ.ಎಸ್ಸಿ. ಮುಗಿಸುತ್ತಿದ್ದಳು. ದೂರದ ತಣ್ಣನೆಯ ದೇಶವೊಂದರ ವಿಶ್ವವಿದ್ಯಾಲಯ ತನ್ನ ನೀರಿನ ಪ್ರಯೋಗಾಲಯಕ್ಕೆ ನಮ್ಮ ದೇಶದಿಂದ ಒಬ್ಬರನ್ನು, ಒಬ್ಬರನ್ನೇ, ತನ್ನದೇ ಖರ್ಚಿನಲ್ಲಿ ಕರೆಸಿಕೊಳ್ಳುವುದಿತ್ತು. ಅದು ಸಿಗದಿದ್ದರೆ ಕೆಳಮಹಡಿಯ ಜಾವಾ ಕ್ಲಾಸಿಗೆ ಸೇರಬೇಕು, ನೀರು ಗೀರು ಎಲ್ಲ ಅಲ್ಲಿಗೆ ಮುಗಿಯಿತು ಎಂದು ತಂದೆ ಹೇಳಿಯಾಗಿತ್ತು.

ಅವಳು ಅರ್ಜಿಯ ಜೊತೆ ಹಳೆಯ ಕ್ಯಾಲೆಂಡರ್ ಹಾಳೆಗಳ ಸುರುಳಿ ತಂದಿದ್ದಳು. ಆರು ವರ್ಷದ ಹಾಳೆಗಳು. ಪ್ರತಿ ಚೌಕದಲ್ಲೂ ಶರಣಮ್ಮನ ನಾಲ್ಕನೆಯ ತರಗತಿಯ ಕನ್ನಡದಲ್ಲಿ ಒಂದೊಂದು ಅಕ್ಷರ: ‘ಕೆಂ’ ಎಂದರೆ ಕೆಂಪು, ‘ಹ’ ಎಂದರೆ ಹಳದಿ, ‘ನೊ’ ಎಂದರೆ ನೊರೆ. ಮನೆಯ ಹಿಂದಿನ ನಾಲಾ ಆ ದಿನ ಉಟ್ಟ ಬಣ್ಣ ಅದು. ನೀರು ಕೆಂಪಾದ ಮರುದಿನ ಗಾಳಿ ಹುಳಿ ನಾರುತ್ತಿತ್ತು, ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ಅದೇ ವಾಸನೆ ಹೀರಿಕೊಳ್ಳುತ್ತಿತ್ತು. ಬಣ್ಣ ಬರೆದಿಟ್ಟರೆ ಹಿಟ್ಟು ಯಾವಾಗ ಕುದಿಸಬೇಕೆಂಬುದು ತಿಳಿಯುತ್ತಿತ್ತು. ಇದಕ್ಕೆ ಡೇಟಾ ಎನ್ನುವುದಿಲ್ಲ ಎಂದು ನಾನು ಗಂಭೀರವಾಗಿ ತಿಳಿಸಿದೆ. ಹುಡುಗಿಯ ಮುಖ ಸಣ್ಣದಾಯಿತು. ನೋಡುತ್ತೇನೆಂದು ಹೇಳಿ ಸುರುಳಿಯನ್ನು ಚೀಲಕ್ಕೆ ಹಾಕಿಕೊಂಡೆ, ಮನೆಗೆ ಬಂದು ಮರೆತೆ.

ಅರ್ಜಿಯನ್ನು ಮಾತ್ರ ಮರೆಯಲಿಲ್ಲ. ನಾಲೆ ನಮ್ಮ ಕನ್ನಡದಲ್ಲಿ ಭತ್ತದ ಗದ್ದೆಗೆ ನೀರುಣಿಸುವ ಮರ್ಯಾದಸ್ಥ ಪದ. ಹೈದರಾಬಾದಿಗೆ ಬಂದು ಕೊನೆಯ ಸ್ವರ ಬದಲಿಸಿಕೊಂಡರೆ ಅದೇ ಗಟಾರ. ಕಿವಿಗೆ ಅಲ್ಪ ವ್ಯತ್ಯಾಸ, ಮೂಗಿಗೆ ಭಾರಿ ವ್ಯತ್ಯಾಸ. ನನ್ನ ಇಂಗ್ಲಿಷಿನಲ್ಲಿ ಅದು ಇನ್ನೂ ಒಂದು ಮೆಟ್ಟಿಲು ಹತ್ತಿ ತೊರೆಯಾಯಿತು. ‘ನಮ್ಮ ಮನೆಯ ಹಿಂದೆ ಹರಿಯುವ ಪುಟ್ಟ ತೊರೆಯ ಬದಲಾಗುವ ಬಣ್ಣಗಳೇ ನನ್ನ ಬಾಲ್ಯದ ಗುರುಗಳು’ ಎಂದು ಅವಳ ಪರವಾಗಿ ಬರೆದು, ನನ್ನ ಶೈಲಿಗೆ ನಾನೇ ತಲೆದೂಗಿದೆ.

ಅಲ್ಲಿಯ ಪ್ರೊಫೆಸರ್ ಮಾರುಹೋದರು. ಫೋನಿನಲ್ಲಿ ಸಂದರ್ಶನ ಗೊತ್ತಾಯಿತು. ಹಿಂದಿನ ದಿನ ರೇಣುಕಾ ಬಂದು, ಮೀನಿನ ಬಗ್ಗೆ ಕೇಳಿದರೆ ಏನು ಹೇಳಲಿ ಎಂದಳು. ಎರಡು ಹೆಸರು ಬಾಯಿಪಾಠ ಮಾಡು ಎಂದು ತಜ್ಞಸಲಹೆ ಕೊಟ್ಟೆ. ಕೇಳಿದ್ದೂ ಅದನ್ನೇ. ಮೇಜಿನ ಮೇಲಿನ ಸ್ಪೀಕರ್ ಫೋನಿನಿಂದ ಪ್ರಶ್ನೆ ಬಂದಾಗ ನಾನು ಎದುರಿಗೆ ಕೂತು ಎರಡು ಬೆರಳು ಎತ್ತಿ ತೋರಿಸಿದೆ. ಅವಳು ನನ್ನ ಬೆರಳು ನೋಡಿದಳು, ಫೋನು ನೋಡಿದಳು, ಆಮೇಲೆ ಮೀನಿಲ್ಲ ಎಂದಳು. ತೊರೆಯೂ ಇಲ್ಲ, ಅದು ಕಾರ್ಖಾನೆಗಳ ಹೊಲಸು ನೀರು ಹೋಗುವ ಗಟಾರ, ಬರೆದದ್ದು ತಪ್ಪಾಗಿದೆ ಎಂದಳು. ನನಗೆ ಬೆವರು ಬಂತು, ನಿಜ ಹೇಳುತ್ತೇನೆ, ಅವಳಿಗಾಗಿ ಅಲ್ಲ, ನನಗಾಗಿ. ಪ್ರೊಫೆಸರ್ ಬಣ್ಣಗಳಾದರೂ ನಿಜವೇ ಎಂದು ಕೇಳಿದರು. ಅವಳು ಅವ್ವನ ಕ್ಯಾಲೆಂಡರಿನ ಕಥೆ ಹೇಳಿದಳು. ಎರಡು ದಿನದಲ್ಲಿ ಆ ಹಾಳೆಗಳ ಪ್ರತಿ ಕಳಿಸಿ, ನೋಡಿ ನಿರ್ಧರಿಸುತ್ತೇವೆ ಎಂದರು.

ಮನೆಗೆ ಓಡಿದೆ, ರೇಣುಕಾಳೂ ಬೆನ್ನಿಗೇ ಬಂದಳು. ಚೀಲದಲ್ಲಿ ಸುರುಳಿಯಿರಲಿಲ್ಲ. ಹೆಂಡತಿ ನಿರುಮ್ಮಳವಾಗಿ ಕಪಾಟು ತೋರಿಸಿದಳು.

“ಹಳೇ ಕ್ಯಾಲೆಂಡರ್ ಅಲ್ಲೇನ್ರಿ? ಕಾಗದ ಛಲೋ ದಪ್ಪ ಅದಾವಂತ ಹಾಸೀನಿ.”

ನಾನೂ ರೇಣುಕಾಳೂ ಒಂದೊಂದೇ ಡಬ್ಬಿ ಇಳಿಸಿದೆವು. ರವೆಯ ಕೆಳಗೊಂದು ಯುಗಾದಿ, ಬೆಲ್ಲದ ಕೆಳಗೊಂದು ದೀಪಾವಳಿ. ತೊಗರಿಬೇಳೆ ಡಬ್ಬಿ ನಾಲ್ಕು ತಿಂಗಳುಗಳ ಮೇಲೆ ದುಂಡನೆಯ ಕಂದು ಗುರುತು ಒತ್ತಿತ್ತು. ಉಪ್ಪಿನಕಾಯಿ ಭರಣಿ ಒಂದು ಆಗಸ್ಟನ್ನು ಪೂರ್ತಿ ತಿಂದುಹಾಕಿತ್ತು. ಆ ತಿಂಗಳನ್ನು ಅಂದಾಜಿನ ಮೇಲೆ ತುಂಬಬಹುದು ಎಂದು ಸೂಚಿಸಿದೆ. ರೇಣುಕಾ ಪೆನ್ನು ತೆಗೆದಳು. ಆ ಹಾಳೆಯ ಮೇಲೆ ‘ದಾಖಲೆ ಇಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದಳು. ಅಷ್ಟು ನಾಚಿಕೆ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ಹಾಳೆಗಳು ಸ್ಕ್ಯಾನ್ ಆಗಿ ಇ-ಮೇಲಿನಲ್ಲಿ ಹೋದವು. ಮರುವಾರ ಪತ್ರ ಬಂತು: ಹುಡುಗಿ ಬರಲಿ. ಕೆಳಗೆ ಸಲಹೆಗಾರನಿಗೊಂದು ಪ್ರಶ್ನೆಯಿತ್ತು: ಮತ್ತೆ ಮತ್ತೆ ಕಾಣುವ ಈ ಕಂದು ವೃತ್ತ ಯಾವ ಮಾಲಿನ್ಯದ ಸಂಕೇತ? ‘ನಮ್ಮ ಮನೆಯ ತೊಗರಿಬೇಳೆ ಡಬ್ಬಿಯದು’ ಎಂದು ಉತ್ತರಿಸಿದೆ. ತಜ್ಞನಾಗಿ ನಾನು ಬರೆದ ಮೊದಲ ನಿಜ ಅದು.

ಹುಡುಗಿ ವಿಮಾನ ಹತ್ತಿದ ಮೇಲೆ ಶರಣಮ್ಮ ಒಂದು ಪೊಟ್ಟಣ ಸಂಡಿಗೆ ಹಿಡಿದು ಆಫೀಸಿಗೆ ಬಂದಳು. ಅಲ್ಲಿಯ ನೀರಿಗೆ ಬಣ್ಣವೇ ಇಲ್ಲವಂತೆ, ತಳದ ಕಲ್ಲು ಕಾಣುತ್ತವಂತೆ, ಮಗಳು ಫೋನು ಮಾಡಿದ್ದಳಂತೆ. ಹೇಳುತ್ತ ನಕ್ಕಳು. ಎದ್ದು ಹೊರಟವಳು ನನ್ನ ಹಿಂದಿನ ‘ತಜ್ಞ ಸಲಹೆ’ ಬೋರ್ಡನ್ನು ನಿಧಾನವಾಗಿ ಓದಿದಳು.

“ಹಾಳಿ ಹ್ವಾದ್ವು, ಹುಡುಗಿ ಹ್ವಾದ್ಲು, ಭಾಳ ಛಲೋ ಆತ್ರಿ. ನಾಲಾ ಮಾತ್ರ ಇಲ್ಲೇ ಐತಿ. ಅದಕ್ಕ ಯಾರ್ರಿ ಸಾಹೇಬ್ರ ಸಲಹಾ ಕೊಡೋರು?”

ಮೂವತ್ತು ವರ್ಷ ಇದೇ ಊರಿನಲ್ಲಿ ನೀರಿನ ರಸಾಯನಶಾಸ್ತ್ರ ಕಲಿಸಿದವನು ನಾನು, ಸನತ್‌ನಗರದ ಆ ನಾಲಾದ ದಂಡೆಗೆ ಒಮ್ಮೆಯೂ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಹೋದೆ. ಮೂಗು ಮುಚ್ಚಿಕೊಂಡು ನಿಂತು ನೋಡಿದೆ, ಒಂದು ಬಾಟಲಿ ತುಂಬಿಕೊಂಡೆ, ಮನೆಗೆ ಬಂದು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಒಂದು ಅಕ್ಷರ ಬರೆದೆ. ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದು ನೋಡಿದಳು.

“ಹಾಲು ಬಂದದಲ್ರಿ, ಮತ್ಯಾಕ ‘ಹ’ ಬರದೀರಿ?”

ಹಾಲಲ್ಲ, ಹಳದಿ ಎಂದೆ.