ಐದು ಫೈಲುಗಳ ಒಂದು ಪುಸ್ತಕ

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷದಿಂದ ಪುಸ್ತಕ ಕಟ್ಟುತ್ತಿದ್ದ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಬೈಂಡರಮ್ಮ ಎಂದೇ. ಬೆನ್ನು ಮುರಿದ ಕಾದಂಬರಿ, ಮುಖ ಕಳಚಿದ ನಿಘಂಟು, ಕರುಳು ಹೊರಬಿದ್ದ ಅಡುಗೆ ಪುಸ್ತಕ ಎಲ್ಲವೂ ಮೆಟ್ಟಿಲಿಳಿದು ಆಕೆಯ ಮೇಜಿಗೆ ಬರುತ್ತಿದ್ದವು, ವಾಸಿಯಾಗಿ ಮೇಲೆ ಹೋಗುತ್ತಿದ್ದವು. ಮೇಲೆ ಹೋಗುವುದು ಶುಭಸುದ್ದಿಯಾಗಿದ್ದ ಆಸ್ಪತ್ರೆ ಊರಿನಲ್ಲಿ ಅದೊಂದೇ.

ಐವತ್ತೆರಡನೇ ವಯಸ್ಸಿನಲ್ಲಿ ಆಕೆಯ ಮೂಗು ಕಟ್ಟಿತು. ಒಣಗಿದ ಹಕ್ಕಳೆ, ಆಗಾಗ ರಕ್ತ. ‘ಹಳೇ ಕಾಗದದ ಧೂಳು’ ಎಂದುಕೊಂಡಳು. ಕಣ್ಣು ಕೆಂಪಾಯಿತು, ಅದು ಸಣ್ಣ ಅಕ್ಷರದ ತಪ್ಪು. ಬೆರಳ ಗೆಣ್ಣು ನೋಯತೊಡಗಿತು, ಅದು ಸೂಜಿಯ ತಪ್ಪು. ಮೊಣಕಾಲ ಕೆಳಗೆ ನೇರಳೆ ಚುಕ್ಕೆಗಳೆದ್ದವು, ಅದು ಅಂಟಿನ ಅಲರ್ಜಿ. ಕೆಮ್ಮು ಬಂದಾಗ ಮತ್ತೆ ಧೂಳನ್ನೇ ಕಟಕಟೆಗೆ ಹತ್ತಿಸಿದಳು. ಪಾಪ, ಆ ಕಸುಬು ಒಂದು ಆಪಾದನೆಗೂ ಎದುರಾಡಲಿಲ್ಲ.

ವೈದ್ಯರಿಗೆ ತೋರಿಸಲಿಲ್ಲ ಎಂದಲ್ಲ, ಐದು ಮಂದಿಗೆ ತೋರಿಸಿದ್ದಳು. ಮೂಗಿನವರು ತಮ್ಮ ಮೂಗಿನ ನೇರಕ್ಕೆ ನೋಡಿದರು. ಕಣ್ಣಿನವರು ಕಣ್ಣಿಗೆ ಕಂಡಷ್ಟು ನೋಡಿದರು. ಚರ್ಮದವರು ಮೇಲುಮೇಲೆ ನೋಡಿದರು. ಕೀಲಿನವರೂ ಕೆಮ್ಮಿನವರೂ ಮಾತ್ರೆ ಬರೆದರು. ಯಾರದೂ ಸುಳ್ಳಲ್ಲ, ಯಾರದೂ ಪೂರ್ತಿಯಲ್ಲ. ಮನೆಯಲ್ಲಿ ಐದು ಬಣ್ಣದ ಐದು ಫೈಲು ಬೆಳೆದವು.

ಒಂದು ದಿನ ಪುಸ್ತಕ ಬಿಗಿಯುವ ಒತ್ತುಯಂತ್ರದ ಚಕ್ರ ತಿರುಗಿಸಲು ಹೋದರೆ ಕೈಯಲ್ಲಿ ಕಸುವೇ ಇಲ್ಲ. ಪಾದ ಊದಿ ಚಪ್ಪಲಿ ಒಲ್ಲೆನ್ನುತ್ತಿತ್ತು. ದೊಡ್ಡಾಸ್ಪತ್ರೆಯಲ್ಲಿ ಕೇಳಿದರೆ ಮೂರು ವಾರದ ಆಚೆಗೆ, ಇಪ್ಪತ್ತೆರಡನೇ ತಾರೀಖಿಗೆ ಸರದಿ ಕೊಟ್ಟರು.

ಆ ಭಾನುವಾರ ಊಟ ಮುಗಿದ ಮೇಲೆ ಬೈಂಡರಮ್ಮ ಐದೂ ಫೈಲುಗಳನ್ನು ಬಿಚ್ಚಿ ಮೇಜಿನ ತುಂಬ ಹರಡಿದಳು.

ಬಸ್ಸು ಓಡಿಸಿ ನಿವೃತ್ತನಾಗಿದ್ದ ಗಂಡ ಇಣುಕಿದ. “ಏನೇ ಇದು, ಭಾನುವಾರಾನೂ ಡ್ಯೂಟಿನಾ?”

“ಐದೈದು ಫೈಲ್ ಹೊತ್ಕೊಂಡು ಹೋದ್ರೆ ಯಾರ್ರೀ ತೆಗೆದು ನೋಡ್ತಾರೆ? ಒಂದೇ ಪುಸ್ತಕ ಮಾಡ್ತೀನಿ.”

“ಮಾಡು ಮಾಡು. ಆಮೇಲೆ ಬಿಡುಗಡೆ ಸಮಾರಂಭ ಇಟ್ಕೊಳ್ಳೋಣ.”

ನೆಲಮಾಳಿಗೆಯಲ್ಲಿ ಪತ್ರಿಕೆಗಳನ್ನು ಕಟ್ಟುವುದು ವಿಷಯ ನೋಡಿ ಅಲ್ಲ, ತಾರೀಖು ನೋಡಿ. ಆಕೆಗೆ ಗೊತ್ತಿದ್ದುದು ಅದೊಂದೇ ಕ್ರಮ. ಯಾವ ವೈದ್ಯರದೆಂದು ನೋಡದೆ ಬರೀ ತಾರೀಖು ಹಿಡಿದು ಜೋಡಿಸಿದಳು. ಹೊಲಿಯುವ ಮುಂಚೆ ಪುಟ ತಪ್ಪಿದೆಯೇ ಎಂದು ಒಂದೊಂದೇ ಹಾಳೆ ಮಗುಚುತ್ತ ಬಂದವಳ ಕೈ ನಿಂತಿತು. ಮೂವರು ಬೇರೆ ಬೇರೆ ವೈದ್ಯರು ಮಾಡಿಸಿದ್ದ ಮೂರು ಮೂತ್ರ ಪರೀಕ್ಷೆಗಳು ಒಂದರ ಹಿಂದೊಂದು ಬಂದಿದ್ದವು. ‘ರಕ್ತ’ ಎಂಬ ಸಾಲಿನಲ್ಲಿ ಮೊದಲನೆಯದಕ್ಕೆ ಒಂದು ಕೂಡುಚಿಹ್ನೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ವೈದ್ಯಶಾಸ್ತ್ರ ಆಕೆಗೆ ತಿಳಿಯದು, ಆದರೆ ಪುಟಸಂಖ್ಯೆ ಏರುವುದು ತಿಳಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ದೊಡ್ಡಾಸ್ಪತ್ರೆಯ ಕೌಂಟರಿನಲ್ಲಿ ನಿಂತಳು.

“ನಿಮ್ದು ಇಪ್ಪತ್ತೆರಡಕ್ಕಲ್ವಾ ಅಮ್ಮಾ?”

“ಹೌದಮ್ಮ. ನಾನು ಒಳಗೆ ಬರಲ್ಲ, ಈ ಪುಸ್ತಕ ಮಾತ್ರ ಹೋಗ್ಲಿ. ದಾರ ಇಟ್ಟಿರೋ ಮೂರು ಪುಟ ನೋಡಿದ್ರೆ ಸಾಕು. ಬೇಡ ಅಂದ್ರೆ ಇಪ್ಪತ್ತೆರಡಕ್ಕೇ ಬರ್ತೀನಿ.”

ಹತ್ತು ನಿಮಿಷದಲ್ಲಿ ಡಾಕ್ಟರಮ್ಮ ಪುಸ್ತಕ ಹಿಡಿದು ತಾವೇ ಹೊರಗೆ ಬಂದರು.

“ಇದನ್ನ ಹೀಗೆ ಜೋಡಿಸಿ ಅಂತ ಯಾವ ಡಾಕ್ಟ್ರು ಹೇಳಿದ್ದು?”

“ಯಾರೂ ಇಲ್ಲ ಮೇಡಂ. ತಾರೀಖು ಹೇಳ್ತು.”

“ಇವತ್ತೇ ಅಡ್ಮಿಟ್ ಆಗಿ. ಇದು ಐದು ಕಾಯಿಲೆ ಅಲ್ಲ, ಒಂದೇ. ಕಿಡ್ನಿಗೆ ಇಳಿದಿದೆ.”

ಈ ಕಾಯಿಲೆಯಲ್ಲಿ, ಸೋಂಕಿನ ಮೇಲೆ ಹೋಗಬೇಕಾದ ಬಿಳಿ ರಕ್ತಕಣಗಳನ್ನು ದೇಹವೇ ತಯಾರಿಸಿದ ಪ್ರತಿಕಾಯಗಳು ಕೆರಳಿಸುತ್ತವೆ, ಕೆರಳಿದ ಕಣಗಳು ಹೋಗಿ ಸಣ್ಣ ರಕ್ತನಾಳಗಳ ಗೋಡೆ ಸುಡುತ್ತವೆ. ಮೂಗು, ಕಣ್ಣು, ಚರ್ಮ, ಶ್ವಾಸಕೋಶ, ಕಿಡ್ನಿ, ಸಣ್ಣ ರಕ್ತನಾಳ ಇಲ್ಲದ ಜಾಗ ಯಾವುದು? ಆ ಪ್ರತಿಕಾಯಗಳನ್ನು ಹಿಡಿಯುವ ರಕ್ತ ಪರೀಕ್ಷೆಗೆ ಆಂಕಾ ಎಂದು ಹೆಸರು. ಅದು ಪಾಸಿಟಿವ್ ಬಂತು.

“ಅಂಕದಲ್ಲಿ ಪಾಸಾದ್ಯಲ್ಲ, ಬಿಡು!” ಎಂದ ಗಂಡ. ಮುಖ ಮಾತ್ರ ನಗುತ್ತಿರಲಿಲ್ಲ.

ಕಿಡ್ನಿಯ ಚೂರು ತೆಗೆದು ನೋಡಿದರು. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್, ಒಂದರ ಆಸುಪಾಸು ಇರಬೇಕಾದದ್ದು, ಮೂರೂವರೆಗೆ ಏರಿತ್ತು. ಇನ್ನೂ ತಡವಾಗಿದ್ದರೆ ಜೀವನಪೂರ್ತಿ ಡಯಾಲಿಸಿಸ್ ಯಂತ್ರದ ಪಕ್ಕ ಕೂರಬೇಕಿತ್ತು ಎಂದರು ಡಾಕ್ಟರಮ್ಮ. ಮೂರು ದಿನ ಸ್ಟೀರಾಯ್ಡ್ ಡ್ರಿಪ್, ಆ ಪ್ರತಿಕಾಯಗಳ ತಯಾರಿ ತಡೆಯಲು ವಾರಕ್ಕೊಮ್ಮೆಯಂತೆ ನಾಲ್ಕು ಸಲ ರಿಟುಕ್ಸಿಮ್ಯಾಬ್ ಡ್ರಿಪ್, ಸೋಂಕು ತಡೆಯಲು ಒಂದು ಮಾತ್ರೆ, ಮೂಳೆಗೆ ಇನ್ನೊಂದು. ಸ್ಟೀರಾಯ್ಡಿಗೆ ಮುಖ ಪೂರಿಯಂತೆ ಉಬ್ಬಿತು, ಸಿಟ್ಟು ಅದಕ್ಕಿಂತ ಬೇಗ ಉಬ್ಬಿತು, ಕೈ ನಡುಗಿ ಸೂಜಿಗೆ ದಾರ ಹೋಗದಾಯಿತು. ಆದರೂ ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಲಿಲ್ಲ.

ಆರು ತಿಂಗಳಿಗೆ ಕ್ರಿಯಾಟಿನಿನ್ ಒಂದೂವರೆಗೆ ಇಳಿಯಿತು. “ಗಟ್ಟಿಯಾದೆಯಲ್ಲ, ಮಾತ್ರೆ ಸಾಕು ಮಾಡು” ಎಂದ ಗಂಡ.

“ಅಂಟು ಮೇಲೆ ಒಣಗಿದ ಹಾಗೇ ಕಾಣುತ್ತೆ ಕಣ್ರೀ. ಒಳಗೆ ಹಸಿಯಾಗೇ ಇರುತ್ತೆ. ಆಗ ಬಿಚ್ಚಿದ್ರೆ ಎಲ್ಲಾ ಹಾಳು.”

ಸ್ಟೀರಾಯ್ಡನ್ನು ಡಾಕ್ಟರಮ್ಮ ಹೇಳಿದ ಲೆಕ್ಕಕ್ಕೆ ಚೂರುಚೂರಾಗಿ ಇಳಿಸಿದಳು. ಎರಡು ವರ್ಷದವರೆಗೆ, ಆರು ತಿಂಗಳಿಗೊಂದರಂತೆ ರಿಟುಕ್ಸಿಮ್ಯಾಬ್ ಡ್ರಿಪ್ ತೆಗೆದುಕೊಂಡಳು. ಡ್ರಿಪ್ ನಿಂತ ಮೇಲೂ ತಿಂಗಳಿಗೊಮ್ಮೆ ಮೂತ್ರದಲ್ಲಿ ಪರೀಕ್ಷಾಪಟ್ಟಿ ಅದ್ದಿ ನೋಡುವುದನ್ನು ಬಿಡಲಿಲ್ಲ.

ಮೂರನೇ ವರ್ಷ ಪಟ್ಟಿ ಹಸಿರಾಯಿತು. ರಕ್ತ. ಅದೇ ದಿನ ಆಸ್ಪತ್ರೆಗೆ ಹೋದಳು.

“ಏನಾಗ್ತಿದೆ? ಮೂಗು? ಕೀಲು?” ಡಾಕ್ಟರಮ್ಮ ಕೇಳಿದರು.

“ಏನೂ ಇಲ್ಲ ಮೇಡಂ, ಚೆನ್ನಾಗಿದ್ದೀನಿ. ಅದಕ್ಕೇ ಓಡಿ ಬಂದೆ. ಹೋದ್ಸಲ ಪಾದ ಊದೋವರೆಗೂ ಕಾದೆ, ಅರ್ಧ ಕಿಡ್ನಿ ಕೊಟ್ಟೆ.”

ಕಾಯಿಲೆ ಮರಳಿತ್ತು. ಆದರೆ ಹೊಸ್ತಿಲು ದಾಟಿರಲಿಲ್ಲ. ಡ್ರಿಪ್ಪು ಮತ್ತೆ ಶುರುವಾಯಿತು. ನಾಲ್ಕು ತಿಂಗಳ ನಂತರದ ವರದಿಯನ್ನು ಗಂಡ ಕನ್ನಡಕ ಏರಿಸಿಕೊಂಡು ಓದಿದ: ಮೂತ್ರದಲ್ಲಿ ರಕ್ತ ಇಲ್ಲ, ಕ್ರಿಯಾಟಿನಿನ್ ಒಂದೂವರೆ.

“ಅಲ್ಲೇ ನಿಂತಿದೆಯಲ್ಲೇ ಇದು, ಒಂದಿಷ್ಟೂ ಕದಲಿಲ್ಲ!”

“ನಿಲ್ಸಿದ್ದೀನಿ” ಎಂದು ತಿದ್ದಿದಳು ಬೈಂಡರಮ್ಮ. ಊಟದ ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ಹೊರಟಳು.