ದಾದಾಪೀರ್ ಸಾಹೇಬರ ಅಳತೆಯ ಲಾರಿ

ಗೇಟಿಗೆ ಬಳಿಯಲೆಂದು ತಂದ ಹಸಿರು ಬಣ್ಣದ ಡಬ್ಬಿಯ ಮುಚ್ಚಳ ತೆಗೆದೆ ನೋಡಿ, ಆ ಘಾಟು ಮೂಗಿಗೆ ಬಡಿದದ್ದೇ ತಡ, ಚಿತ್ರದುರ್ಗದ ಬಷೀರನ ಟಿಂಕರಿಂಗ್ ಅಂಗಡಿ ಕಣ್ಣೆದುರು ಬಂತು. ಹೆಂಡತಿ ಬ್ರಷ್ಷು ಹಿಡಿದು ಕಾಯುತ್ತಿದ್ದಾಳೆ, ನಾನು ಡಬ್ಬಿ ಹಿಡಿದು ಕೂತೇಬಿಟ್ಟೆ.

ನನಗೂ ಬಷೀರನಿಗೂ ಒಂದು ಹುಚ್ಚಿತ್ತು. ಯುದ್ಧಕಾಲದ ಮಿಲಿಟರಿ ಲಾರಿಗಳನ್ನು ತಗಡಿನಲ್ಲಿ ಪುಟ್ಟದಾಗಿ, ಅಳತೆ ತಪ್ಪದಂತೆ ಮಾಡುವುದು. ಬಷೀರ್ ಹಾಲಿನಪುಡಿ ಡಬ್ಬಿ ಕತ್ತರಿಸಿ ಬಾನೆಟ್ಟು ಮಡಿಸುತ್ತಿದ್ದ, ಹವಾಯಿ ಚಪ್ಪಲಿಯಲ್ಲಿ ಚಕ್ರ ಕೊರೆಯುತ್ತಿದ್ದ. ನಾನು ಗಣಿತದ ಮೇಷ್ಟ್ರು. ಎರಡಡಿಗೆ ಒಂದಿಂಚಿನ ಲೆಕ್ಕ ನನ್ನದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಚ್ಚಿಸುತ್ತಿದ್ದೆ. ಮಕ್ಕಳ ಅರ್ಧರ್ಧ ಅಂಕ ಕಿತ್ತುಕೊಂಡ ಕೈ ಸುಮ್ಮನಿರುತ್ತದೆಯೇ?

ಬಷೀರನ ತಂದೆ ದಾದಾಪೀರ್ ಸಾಹೇಬರು ಹಿರಿಯೂರಿನಲ್ಲಿ ಡ್ರೈವರಾಗಿದ್ದವರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಲಾರಿಯೊಂದರಲ್ಲಿ ಆದಿವಾಲದ ಶೇಂಗಾ, ಜವನಗೊಂಡನಹಳ್ಳಿಯ ಕುರಿ ಎಲ್ಲ ಸಾಗಿಸಿದವರು. ಆ ಲಾರಿ ಎಂದೋ ಗುಜರಿಗೆ ಹೋಗಿತ್ತು. ಅವರ ಕಣ್ಣೂ ಹೋಗುವುದರಲ್ಲಿತ್ತು.

“ನರ ಒಣಗ್ತಾ ಐತಂತೆ ಮೇಷ್ಟ್ರೇ. ಪೂರ್ತಿ ಕತ್ತಲಾಗೋದ್ರೊಳಗೆ ಅಬ್ಬಾಗೆ ಆ ಲಾರಿ ಒಂದ್ಸಲ ತೋರಿಸ್ಬೇಕು,” ಎಂದ ಬಷೀರ್.

ಚಕ್ರ, ಹಿಂದಿನ ಬಾಡಿ ಇವುಗಳ ಅಳತೆ ಒಂದು ಹಳೇ ಪುಸ್ತಕದಲ್ಲಿ ಸಿಕ್ಕಿತು. ಕ್ಯಾಬಿನ್ನಿನ ಹಾಳೆಯನ್ನು ಗೆದ್ದಲು ತಿಂದಿತ್ತು. ಸರಿ, ಸಾಹೇಬರನ್ನೇ ಸ್ಟೂಲಿನ ಮೇಲೆ ಕೂರಿಸಿದೆವು. ಅವರು ಕಣ್ಣು ಮುಚ್ಚಿ ಇಲ್ಲದ ಸ್ಟೇರಿಂಗು ಹಿಡಿದರು, ಇಲ್ಲದ ಬ್ರೇಕು ತುಳಿದರು, ನೆತ್ತಿಯ ಮೇಲೆ ಅಂಗೈ ಆಡಿಸಿ ಟಾಪು ತೋರಿಸಿದರು. ನಾನು ಗಾಳಿಗೆ ಟೇಪು ಹಿಡಿದು ಅಳೆದೆ.

“ಗೇರು ಇನ್ನೂ ಈಚೆಗೆ ರೀ, ಮೊಣಕಾಲಿಗೆ ತಗಲ್ತಿತ್ತು,” ಎಂದು ನನ್ನ ಕೈಯನ್ನೇ ಎಳೆದು ಸರಿಸಿದರು.

ಲಾರಿ ಸಿದ್ಧವಾದ ಮೇಲೆ ನೋಡುತ್ತೇವೆ, ಕ್ಯಾಬಿನ್ನು ಗಿಡ್ಡ. ಒಳಗೆ ಕೂರುವ ಆಳು ಮೈ ಮುದುರಿಕೊಳ್ಳಬೇಕು. ಎಲ್ಲಿ ಎಡವಿದೆವೆಂದು ಆಮೇಲೆ ಹೊಳೆಯಿತು: ಸಾಹೇಬರು ಹರೆಯದಲ್ಲಿ ಓಡಿಸಿದ ಲಾರಿಯನ್ನು ನಾವು ಅವರ ಈಗಿನ ಬಾಗಿದ ಬೆನ್ನಿನಿಂದ, ಪೂರ್ತಿ ಚಾಚಲಾರದ ತೋಳಿನಿಂದ ಅಳೆದಿದ್ದೆವು.

“ಬಿಚ್ಚು,” ಎಂದೆ ನಾನು.

“ಅಬ್ಬಾ ಕಣ್ಣು ಅಲ್ಲೀತಂಕ ಕಾಯಲ್ಲ ಮೇಷ್ಟ್ರೇ,” ಎಂದು ಬಷೀರ್ ಅದನ್ನು ಹಾಗೇ ಎತ್ತಿಕೊಂಡು ಹೋದ.

ಸಾಹೇಬರು ಲಾರಿಯನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಕಿರುಬೆರಳನ್ನು ಕ್ಯಾಬಿನ್ನಿನೊಳಗೆ ತೂರಿಸಿದರು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ.

“ಲಾರಿ ಅದೇ ಕಣ್ರಪ್ಪ. ಆಗ ನಾನು ದೊಡ್ಡಾಳಿದ್ದೆ,” ಎಂದು ನಕ್ಕರು. “ಈಗಿನ ನನಗೆ ಸರಿಯಾಗೈತೆ, ಬಿಡ್ರಿ.”

ನನಗೆ ಅಳು ಬಂತು. ಕೆಲವೇ ದಿನಗಳಲ್ಲಿ ಅವರ ಕಣ್ಣು ಪೂರ್ತಿ ಹೋಯಿತು. ಆಮೇಲೆ ಲಾರಿ ಸದಾ ಅವರ ತೊಡೆಯ ಮೇಲೇ ಇರುತ್ತಿತ್ತು. ಬೆರಳಾಡಿಸಿ ಆಡಿಸಿ ಬಾನೆಟ್ಟಿನ ಬಣ್ಣ ಸವೆದು ತಗಡು ಕಂಡಿತು.

ಈಗ ಸಾಹೇಬರಿಲ್ಲ. ಹೋದ ವಾರ ಬಷೀರ್ ಆ ಲಾರಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು, “ಇನ್ನು ಅವಸರ ಇಲ್ಲ ಮೇಷ್ಟ್ರೇ, ಕ್ಯಾಬಿನ್ ಬಿಚ್ಚಿ ಸರಿ ಮಾಡಾಣ,” ಎಂದಿದ್ದ. ನಾನೂ ಹುರುಪಿನಿಂದ ಟೇಪು ಹುಡುಕಿ ಇಟ್ಟಿದ್ದೆ.

ಬಣ್ಣದ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟು ಬಷೀರನಿಗೆ ಫೋನ್ ಮಾಡಿದೆ.

“ಬಿಚ್ಚೋದು ಬ್ಯಾಡಪ್ಪ. ನಿಮ್ಮಪ್ಪನ ಅಳತೆ ಇನ್ನೆಲ್ಲೂ ಉಳಿದಿಲ್ಲ.”

ಬಷೀರ್ ಹೇಳಿದ: “ಹಂಗಾದ್ರೆ ಇರ್ಲಿ ಬಿಡ್ರಿ ಮೇಷ್ಟ್ರೇ. ಅಬ್ಬಾ ಕುಂತ್ಕಳ್ಲಿ.”